ಬೆಕೋರಾಳ ಹಿಂಗಾಲು

ಶೋವಾ 41 (1966), ಏಪ್ರಿಲ್ 11. ಮಳೆ.

ಕೊನೆಗೂ! ಹದಿನೆಂಟು ವರ್ಷ 'ಕಿಸರಾಗಿ' ಸಿನಿಮಾ ಸ್ಟುಡಿಯೊದಲ್ಲಿ ಕತ್ತಿ ಸಿಕ್ಕಿಸಿಕೊಂಡು ನಿಂತಿದ್ದಕ್ಕೆ ಇವತ್ತು ಫಲ ಬಂತು. ಮಧ್ಯಾಹ್ನ ಸ್ಟುಡಿಯೊದಿಂದ ಪಕ್ಕದ ತೋಫು ಅಂಗಡಿಗೆ ಫೋನ್ ಬಂತು. ನಮ್ಮ ಮನೆಯಲ್ಲಿ ಫೋನ್ ಇಲ್ಲ. ಅಂಗಡಿಯ ಅಜ್ಜಿ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

"ತೊಮೊಬೆಯವ್ರೇ, ನಿಮ್ಗೆ ಮುಖ್ಯ ಪಾತ್ರ ಅಂತೆ! ಬೇಸಿಗೇಲಿ ಬರೋ ದೊಡ್ಡ ಚಿತ್ರ ಅಂತೆ! ನಾಳೆ ಹತ್ತು ಗಂಟೆಗೆ ಬರ್ಬೇಕಂತೆ!"

ನಾನು ಬೇಕೆಂದೇ ಎರಡು ಸಲ "ಏನಂದ್ರಿ?" ಎಂದು ಕೇಳಿದೆ. ಅಜ್ಜಿ ಎರಡು ಸಲವೂ ಇನ್ನೂ ಜೋರಾಗಿ ಕೂಗಿದಳು. ಎದುರುಮನೆಯವರು ಕಿಟಕಿ ತೆಗೆದು ನೋಡಿದರು.

ನನ್ನ ಮುಖದ ಬಗ್ಗೆ ಒಂದು ಮಾತು ಬರೆದಿಡಬೇಕು. ಇದು ದೊಡ್ಡ ಪರದೆಗೆಂದೇ ಹುಟ್ಟಿದ ಮುಖ. ಅದರಲ್ಲೂ ಎಡಭಾಗ. ಆದರೆ ಹದಿನೆಂಟು ವರ್ಷದಿಂದ ನಾನು ಒಡೆಯನ ಹಿಂದೆ ನಿಲ್ಲುವ ಮೂರನೆಯ ಸೇವಕ. ಎರಡನೆಯ ಸೇವಕ ನುಕಿನಾ ಯಾವಾಗಲೂ ನನ್ನ ಎಡಕ್ಕೇ ನಿಲ್ಲುತ್ತಾನೆ. ಅವನ ಕಿವಿ ಎಷ್ಟು ದೊಡ್ಡದೆಂದರೆ, ಅದರ ಹಿಂದೆ ನಾನಿದ್ದೇನೆಂದು ನನ್ನ ಹೆಂಡತಿಗೇ ಗೊತ್ತಾಗುವುದಿಲ್ಲ.

ತಕ್ಷಣ ಊರಿನಲ್ಲಿರುವ ಅಪ್ಪನಿಗೆ ಕಾಗದ ಬರೆದೆ. ಹೊಸ ವರ್ಷದ ಕಾರ್ಡು ಬಿಟ್ಟರೆ ಅವನಿಗೆ ಬರೆದು ಏಳೆಂಟು ವರ್ಷವಾಯಿತು. "ಮುಖ್ಯ ಪಾತ್ರ" ಎಂಬುದರ ಪಕ್ಕ ಎರಡು ಗೆರೆ ಎಳೆದೆ. ಹತ್ಸುಯೆ, "ಯಾವ ಪಾತ್ರ ಅಂತ ಗೊತ್ತಾದ್ಮೇಲೆ ಬರೀಬಹುದಲ್ರೀ" ಎಂದಳು. ಹೆಂಡತಿಯರು ಯಾವಾಗಲೂ ಹೀಗೆಯೇ. ಕೊಡೆ ಕೂಡ ತೆಗೆದುಕೊಳ್ಳದೆ ಓಡಿಹೋಗಿ ಅಂಚೆಪೆಟ್ಟಿಗೆಗೆ ಹಾಕಿ ಬಂದೆ.

ಏಪ್ರಿಲ್ 12. ಮೋಡ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿರ್ದೇಶಕ ಇಸಹಾಯಾ ಅವರು ನನ್ನನ್ನು ಕೂರಿಸಿ ಚಹಾ ಕೊಟ್ಟರು. ಮೂರನೆಯ ಸೇವಕನಿಗೆ ಚಹಾ ಕೊಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು.

"ಬೆಕೋರಾ ಅಂತ ಹಸು, ತೊಮೊಬೆಯವ್ರೇ. ಹೊಕ್ಕೈಡೊದಲ್ಲಿ ಧೂಮಕೇತುವಿನ ಪುಡಿ ಬಿದ್ದಿರೋ ಹುಲ್ಲು ತಿಂದ್ಬಿಡತ್ತೆ. ಐವತ್ತು ಮೀಟರ್ ಬೆಳೆಯತ್ತೆ. ಸಮುದ್ರ ಈಜ್ಕೊಂಡು ಟೋಕಿಯೊಗೆ ಬರತ್ತೆ."

"ಯಾಕೆ?"

"ಮಾರಿಬಿಟ್ಟಿರೋ ಕರು ಹುಡುಕ್ಕೊಂಡು." ಅವರ ಕಣ್ಣಲ್ಲಿ ನೀರಾಡಿತು.

"ಬಹಳ ಒಳ್ಳೇ ಕಥೆ. ನಾನು ವಿಜ್ಞಾನಿನಾ?"

"ಅಲ್ಲ. ಬೆಕೋರಾ."

ನಾನು ಚಹಾ ಲೋಟ ಕೆಳಗಿಟ್ಟೆ. ಹೋಗಲಿ, ಅದೂ ಮುಖ್ಯ ಪಾತ್ರವೇ ತಾನೇ ಎಂದುಕೊಂಡೆ. ಆಗ ಅವರು ಕೆಮ್ಮಿದರು.

"ಅರ್ಧ ಬೆಕೋರಾ. ಬೇರೆ ಸ್ಟುಡಿಯೊಗಳ ಪ್ರಾಣಿಗಳೆಲ್ಲ ಎರಡು ಕಾಲಲ್ಲಿ ನಿಲ್ಲತ್ವೆ. ನಮ್ಮದು ನಾಲ್ಕು ಕಾಲಿಂದು. ಒಬ್ಬನೇ ಮಂಡಿಯೂರಿದ್ರೆ ಅಂಬೆಗಾಲಿಡೋ ಮಗು ಥರ ಕಾಣತ್ತೆ. ಅದಕ್ಕೇ ಇಬ್ರು. ಮುಂದೆ ಕೊಗುರೆ ಇರ್ತಾನೆ."

"ಹಾಗಾದ್ರೆ ನಾನು..."

"ಇನ್ನೂ ಸ್ವಲ್ಪ ಚಹಾ ಹಾಕ್ಲಾ?"

ಕತ್ತಿ ಚಿತ್ರಗಳನ್ನು ಈಗ ಯಾರೂ ನೋಡುವುದಿಲ್ಲ, ಎಲ್ಲರೂ ಮನೆಯಲ್ಲಿ ಟಿ.ವಿ. ಮುಂದೆ ಕೂತಿದ್ದಾರೆ. ಕಾಲು ಬೇಡವೆಂದರೆ ಗೇಟಿನ ಕಾವಲು ಕೆಲಸ ಖಾಲಿ ಇದೆಯಂತೆ. ಒಪ್ಪಿಕೊಂಡು ಬಂದೆ. ಹೇಳಿದಾಗ ಹತ್ಸುಯೆ ಕೈಯಲ್ಲಿದ್ದ ಮೂಲಂಗಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದವಳು ಐದು ನಿಮಿಷ ಮೇಲೇಳಲಿಲ್ಲ. ಭುಜ ಮಾತ್ರ ಕುಲುಕುತ್ತಿತ್ತು.

ಏಪ್ರಿಲ್ 13. ಬಿಸಿಲು.

ನಿನ್ನೆ ಬರೆಯಲು ಮನಸ್ಸಾಗದ್ದನ್ನು ಇವತ್ತು ಬರೆಯುತ್ತೇನೆ. ಯಾರೂ ಓದುವುದಿಲ್ಲವಲ್ಲ.

ನನ್ನ ಅಪ್ಪ ತೊಮೊಬೆ ಕುಮಕಿಚಿ, ಯೊನೆಝಾವಾ ಕಡೆ ಊರೂರು ತಿರುಗುವ ಕಬುಕಿ ನಾಟಕದ ತಂಡದಲ್ಲಿ ನಲವತ್ತು ವರ್ಷ ಕುದುರೆಯ ಹಿಂಗಾಲಾಗಿದ್ದ. ಬಟ್ಟೆಯ ಕುದುರೆಯೊಳಗೆ ಇಬ್ಬರು ಇರುತ್ತಾರೆ, ಹಿಂದಿನವನು ನಮ್ಮಪ್ಪ. ಕುದುರೆ ಏರುವ ನಟ ಆಟಕ್ಕೆ ಮುಂಚೆ ಕಾಲಿನವರಿಗೆ ಒಂದು ಲಕೋಟೆ ಕೊಡಬೇಕೆಂಬುದು ಪದ್ಧತಿ. ಮೇಲೆ "ಹುಲ್ಲಿಗೆ" ಎಂದು ಬರೆದಿರುತ್ತದೆ. ಮರೆತ ದಿನ ಸೇನಾಪತಿ ಯುದ್ಧಕ್ಕೆ ಮೊದಲೇ ನೆಲ ಕಚ್ಚುವುದೂ ಉಂಟು. ಆ ಲಕೋಟೆ ಸಿಕ್ಕಿದ ದಿನ ಅಪ್ಪ ನನಗೆ ಹೂರಣ ತುಂಬಿದ ಸಿಹಿ ತರುತ್ತಿದ್ದ.

ಶಾಲೆಯಲ್ಲಿ ಹುಡುಗರಿಗೆ ಇದು ಗೊತ್ತಾಯಿತು. ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಹಿಡಿ ಹುಲ್ಲು. "ಹಿಂಗಾಲಿನ ಮಗನಿಗೆ ಊಟ" ಎಂದು ಚೀಟಿ ಬೇರೆ. ಅವತ್ತಿನಿಂದ ನಾನು ಆ ಸಿಹಿ ಮುಟ್ಟಲಿಲ್ಲ. ಅಪ್ಪ ತಂದು ಇಡುತ್ತಿದ್ದ, ಅದು ಅಲ್ಲೇ ಒಣಗುತ್ತಿತ್ತು. ಹತ್ತೊಂಬತ್ತು ತುಂಬಿದಾಗ, "ನಾನು ಮುಖ ತೋರಿಸಿ ಬದುಕ್ತೀನಿ, ನಿನ್ನ ಥರ ಅಲ್ಲ" ಎಂದು ಕೂಗಾಡಿ ಮನೆಬಿಟ್ಟೆ. ಅಪ್ಪ ಹೇಳಿದ್ದು ಒಂದೇ ಮಾತು: "ಸರಿ. ಕಾಲು ಜೋಪಾನ."

ಈಗ ಆ ಕಾಗದ ಅವನ ಕೈಗೆ ಸೇರಿರುತ್ತದೆ. ಎರಡು ಗೆರೆಗಳ ಸಮೇತ.

ಏಪ್ರಿಲ್ 20. ಗಾಳಿ.

ಚಿತ್ರೀಕರಣಕ್ಕೆ ಮುಂಚಿನ ಶುದ್ಧಿಪೂಜೆ. ರಬ್ಬರಿನ ಬೆಕೋರಾಳನ್ನು ಐದನೆಯ ನಂಬರಿನ ಶೆಡ್ಡಿನಲ್ಲಿ ಮಲಗಿಸಿದ್ದರು. ಪುರೋಹಿತರು ಬಿಳಿ ಕಾಗದದ ಪಟ್ಟಿ ಕಟ್ಟಿದ ಶುದ್ಧಿಯ ಕೋಲು ಹಿಡಿದು ಮುಂದೆ ಒಮ್ಮೆ, ಹಿಂದೆ ಒಮ್ಮೆ ನೋಡಿದರು. "ಯಾವ ಕಡೆಗೆ ಬೀಸ್ಲಿ?" ಎಂದು ಪಿಸುಗುಟ್ಟಿದರು. ಇಸಹಾಯಾ ಅವರು ತಲೆಯ ಕಡೆ ತೋರಿಸಿದರು. ಹಿಂಗಾಲಿಗೆ ದೇವರ ರಕ್ಷೆಯೂ ಇಲ್ಲ.

ಕೊಗುರೆ ಮಾಜಿ ಸುಮೊ ಕುಸ್ತಿಯವನು. ಇಪ್ಪತ್ತೆಂಟು ವರ್ಷ, ನೂರಿಪ್ಪತ್ತು ಕಿಲೊ. ನನ್ನನ್ನು ನೋಡಿದ ತಕ್ಷಣ ಸೊಂಟ ಬಗ್ಗಿಸಿ, "ಅಣ್ಣಾ, ನಿಮ್ಮ ಹಿಂದೆ ಬರೋ ಯೋಗ್ಯತೆ ನಂಗಿಲ್ಲ" ಎಂದ. "ಹಿಂದೆ ಬರೋನು ನಾನಪ್ಪ" ಎಂದೆ. ತಲೆ ಕೆರೆದುಕೊಂಡ. ಒಳ್ಳೆಯವನು, ಆದರೆ ಮಧ್ಯಾಹ್ನ ಬೆಳ್ಳುಳ್ಳಿ ಹಾಕಿದ ಗ್ಯೋಝಾ ಕಡುಬು ಮೂವತ್ತು ತಿನ್ನುತ್ತಾನೆ. ಆ ರಬ್ಬರ್ ತೊಗಲಿನೊಳಗೆ ನನ್ನ ಮೂಗು ಎಲ್ಲಿರುತ್ತದೆಂದು ಇಲ್ಲಿ ಬರೆಯಲಾರೆ. ಗಾಳಿ ಬರಲು ಇರುವ ತೂತು ಅವನ ಕಡೆಗೇ ಇದೆ.

ಏಪ್ರಿಲ್ 22.

ಬಿದ್ದೆವು.

ಏಪ್ರಿಲ್ 23.

ಬಿದ್ದೆವು. ಗಿಂಝಾ ಬಡಾವಣೆಯ ಮೇಲೆ. ಪ್ಲಾಸ್ಟರಿನಲ್ಲಿ ಅದನ್ನು ಮಾಡಲು ಹನ್ನೊಂದು ದಿನ ಹಿಡಿದಿತ್ತಂತೆ. ಬಡಗಿಗಳು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಕೊಗುರೆ ಜೊತೆ ಬಿಟ್ಟಿಲ್ಲ. ಅವನಿಗೆ ಹೆದರುತ್ತಾರೆ.

ಏಪ್ರಿಲ್ 27. ಬಿಸಿಲು.

ಅಪ್ಪನ ಕಾಗದ. ನಾಲ್ಕೇ ಸಾಲು. "ಸಂತೋಷವಾಯಿತು. ಚಿತ್ರ ಆಗಸ್ಟ್ 13ಕ್ಕೆ ಬಿಡುಗಡೆ ಎಂದು ಪೇಪರಿನಲ್ಲಿ ಓದಿದೆ. ಅವತ್ತೇ ಬರುತ್ತೇನೆ. ನಿನ್ನ ಮುಖ ನೋಡಿ ಬಹಳ ದಿನವಾಯಿತು."

ಊಟ ಅರ್ಧಕ್ಕೇ ಬಿಟ್ಟೆ. ನೇರ ಇಸಹಾಯಾ ಅವರ ಹತ್ತಿರ ಹೋಗಿ ಕಾಲಿಗೆ ಬೀಳುವುದೊಂದು ಬಾಕಿ. "ಎಲ್ಲಾದ್ರೂ ಒಂದ್ ಕಡೆ ನನ್ನ ಮುಖ ತೋರಿಸಿ ಸ್ವಾಮೀ. ಮೂರು ಸೆಕೆಂಡು ಸಾಕು." ಅವರು ಯೋಚಿಸಿದರು. ಮನುಷ್ಯರ ದೃಶ್ಯಗಳನ್ನು ಬೇರೆ ತಂಡ ತೆಗೆಯುತ್ತದೆ, ಪ್ರಾಣಿಯ ದೃಶ್ಯಗಳನ್ನು ಇವರು. ಆ ತಂಡದಲ್ಲಿ ಒಬ್ಬ ಸ್ಟೇಷನ್ ಮಾಸ್ಟರ್ ಪಾತ್ರವಿದೆಯಂತೆ. ಪರದೆ ತುಂಬ ಮುಖ. ಮಾತೂ ಇದೆ: "ರೈಲು ನಿಲ್ಲಿಸಿ! ಬೆಕೋರಾ ಬರ್ತಿದೆ!"

"ಜುಲೈವರೆಗೆ ಬೀಳದೆ ನಡೀರಿ. ಆ ಪಾತ್ರ ನಿಮ್ದು, ನನ್ನ ಮಾತು."

ಅಪ್ಪ ಬರುವುದರೊಳಗೆ ನನ್ನ ಮುಖ ಆ ಪರದೆ ಮೇಲೆ ಇರಲೇಬೇಕು.

ಮೇ 6. ಸೆಕೆ.

ಇವತ್ತು ನಾಲ್ಕು ಸಲ ಬಿದ್ದೆವು. ಕೊಗುರೆ ಬಲಗಾಲು ಎತ್ತಿದಾಗ ನಾನು ಎಡಗಾಲು ಎತ್ತಬೇಕು. ಅವನು ಯಾವಾಗ ಎತ್ತುತ್ತಾನೆಂದು ಕತ್ತಲಲ್ಲಿ ನನಗೆ ಹೇಗೆ ಗೊತ್ತಾಗಬೇಕು? "ಒಂದು, ಎರಡು" ಎಂದು ಕೂಗು ಎಂದೆ. ಕೂಗಿದ. ಅವನು ಕೂಗಿದ್ದು ರಬ್ಬರಿನೊಳಗೆ ಸುತ್ತಿ ಸುತ್ತಿ ನನ್ನ ಕಿವಿಗೆ ಬರುವಷ್ಟರಲ್ಲಿ ಮೂರಾಗಿರುತ್ತದೆ. ಇನ್ನು ಹತ್ತು ದಿನದಲ್ಲಿ ಸರಿಯಾಗದಿದ್ದರೆ ಸರ್ಕಸ್ಸಿನವರನ್ನು ಕರೆಸುತ್ತಾರಂತೆ. ಕಾಲು ಹೋದರೆ ಮುಖವೂ ಹೋಯಿತು.

ಹತ್ಸುಯೆ ನನ್ನ ಸೊಂಟಕ್ಕೆ ಪಟ್ಟಿ ಹಚ್ಚುತ್ತಾ, "ಜಪಾನ್‌ನಲ್ಲೇ ಇದು ಚೆನ್ನಾಗಿ ಗೊತ್ತಿರೋ ಒಬ್ರು ಊರಲ್ಲಿ ನಿಮ್ಮ ಮನೇಲೇ ಇದಾರಲ್ರೀ" ಎಂದಳು.

"ಪ್ರಾಣ ಹೋದ್ರೂ ಕೇಳಲ್ಲ."

"ಪ್ರಾಣ ಹೋಗಲ್ಲ. ಸೊಂಟ ಹೋಗತ್ತೆ."

ಒಂದು ಉಪಾಯ ಹೊಳೆಯಿತು. ಎಂಥ ತಲೆ ನನ್ನದು! ಅಪ್ಪನಿಗೆ ಹೀಗೆ ಬರೆದೆ: "ನನ್ನ ಪರಿಚಯದವನೊಬ್ಬನಿದ್ದಾನೆ. ಪಾಪ, ಅದೃಷ್ಟ ಸರಿಯಿಲ್ಲ. ಇದೇ ಚಿತ್ರದಲ್ಲಿ ಹಿಂಗಾಲಿನ ಪಾತ್ರ ಸಿಕ್ಕಿದೆ. ಅವನಿಗೆ ಒಂದೆರಡು ಕಿವಿಮಾತು ಹೇಳುತ್ತೀಯಾ? ನನಗಂತೂ ಇದರಲ್ಲಿ ಆಸಕ್ತಿಯಿಲ್ಲ."

ಮೇ 14. ಮೋಡ.

ಉತ್ತರ ಬಂತು. ಹೊಸ ವರ್ಷಕ್ಕೆ ಎರಡು ಸಾಲು ಬರೆಯುವ ಮನುಷ್ಯ ಒಂಬತ್ತು ಹಾಳೆ ಬರೆದಿದ್ದಾನೆ. ಮುಖ್ಯವಾದದ್ದನ್ನು ಇಲ್ಲಿ ನಕಲು ಮಾಡಿಡುತ್ತೇನೆ.

"ನಿನ್ನ ಪರಿಚಯದವನಿಗೆ ಹೇಳು. ಮೊದಲು ಕಣ್ಣು ಮುಚ್ಚಿಕೊಳ್ಳಲಿ. ಒಳಗೆ ಕಾಣುವುದು ಮುಂದಿನವನ ಕುಂಡೆ ಒಂದೇ, ಅದನ್ನು ನೋಡಿ ಕಲಿಯುವಂಥದ್ದು ಏನೂ ಇಲ್ಲ. ನಡುಪಟ್ಟಿ ಹಿಡಿದು ನೇತಾಡಬಾರದು. ಎರಡೂ ಅಂಗೈ ಅವನ ಸೊಂಟದ ಮೂಳೆಯ ಮೇಲಿಡಬೇಕು, ಹಣೆ ಬೆನ್ನಿಗೆ ತಾಗಿರಬೇಕು. ಕಾಲೆತ್ತುವ ಮುಂಚೆ ಯಾರೇ ಆದರೂ ಉಸಿರೆಳೆದುಕೊಳ್ಳುತ್ತಾರೆ. ಆ ಉಸಿರು ಅಂಗೈಗೆ ಗೊತ್ತಾಗುತ್ತದೆ. ಲೆಕ್ಕ ಬೇಡ, ಕೂಗುವುದೂ ಬೇಡ. ಮುಂದಿನವನು ಬೆಳ್ಳುಳ್ಳಿ ತಿನ್ನುವವನಾದರೆ ಅವನ ಹೆಂಡತಿಗೋ ತಾಯಿಗೋ ಕಾಗದ ಬರೆಯಬೇಕು. ನನ್ನ ಜೊತೆಯವನು ತಿನ್ನುತ್ತಿದ್ದ, ಹದಿನಾಲ್ಕು ವರ್ಷ ಸಹಿಸಿದೆ.

"ಇನ್ನೊಂದು. ಕುದುರೆ ಎಲ್ಲಿಗೆ ಹೋಗುತ್ತಿದೆ ಎಂದು ಮುಂಗಾಲು ತೋರಿಸುತ್ತದೆ. ಹೋಗಲು ಇಷ್ಟವಿಲ್ಲ ಎಂದು ತೋರಿಸಬೇಕಾದರೆ ಹಿಂಗಾಲೇ ಆಗಬೇಕು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಇಪ್ಪತ್ತು ವರ್ಷವಾದ ಮೇಲೆ ತಿಳಿಯಿತು. ನಿನ್ನ ಪರಿಚಯದವನಿಗೆ ಇವತ್ತೇ ತಿಳಿಯಲಿ. ಸೊಂಟ ನೋಯುತ್ತಿದ್ದರೆ ಒಣಗಿಸಿದ ಮೂಲಂಗಿ ಎಲೆ ಹಾಕಿದ ಬಿಸಿನೀರಲ್ಲಿ ಕೂರಲಿ. ಎಲೆ ಬೇರೆ ಕಳಿಸಿದ್ದೇನೆ."

ಪಾಪ, ಅಪ್ಪನಿಗೆ ಒಂದಿಷ್ಟೂ ಅನುಮಾನ ಬಂದಿಲ್ಲ. ಹಾಗೆಂದು ಹತ್ಸುಯೆಗೆ ಹೇಳಿದರೆ ಅವಳು ನನ್ನನ್ನೇ ಬಹಳ ಹೊತ್ತು ನೋಡಿ, ಎಲೆ ನೆನೆಸಲು ಹೋದಳು.

ಮೇ 16. ಬಿಸಿಲು.

ನಡೆದೆವು! ಹಾನೆಡಾದಿಂದ ಶಿನಗಾವಾವರೆಗೆ, ಅಂದರೆ ಶೆಡ್ಡಿನ ಈ ತುದಿಯಿಂದ ಆ ತುದಿಗೆ, ಒಂದು ವಿದ್ಯುತ್ ಕಂಬವೂ ಬೀಳಲಿಲ್ಲ. ಇಸಹಾಯಾ ಅವರು, "ನಿಲ್ಲಿ! ಈಗ ಆ ಕಂಬಗಳನ್ನ ಬೀಳಿಸ್ಬೇಕಿತ್ತು!" ಎಂದು ಕೂಗಿದರು. ವಾಪಸ್ ಬಂದು ಬೀಳಿಸಿದೆವು. ತೊಗಲಿಂದ ಹೊರಬಂದ ಕೊಗುರೆಯ ಕಣ್ಣಲ್ಲಿ ನೀರು. "ಅಣ್ಣಾ, ಬೆನ್ನ ಹಿಂದೆ ಯಾರೂ ಇಲ್ವೇನೋ ಅನ್ನಿಸ್ತು!" ಇದನ್ನು ಹೊಗಳಿಕೆ ಎಂದು ಹೇಳಿದನಂತೆ.

ಮೇ 17.

ಕೊಗುರೆಯ ತಾಯಿಗೆ ಕಾಗದ ಬರೆದೆ.

ಜೂನ್ 9. ಜಿಟಿಜಿಟಿ ಮಳೆ.

ಸ್ಟುಡಿಯೊದಲ್ಲಿ ಇವತ್ತು ಜಗಳ. ಚಿತ್ರಕಥೆಯಲ್ಲಿ "ಬೆಕೋರಾ ಕೋಪದಿಂದ ಹಿಂಗಾಲಲ್ಲಿ ಒದೆಯುತ್ತಾಳೆ" ಎಂದಿದೆ. ಹಸು ಹಿಂದಕ್ಕೆ ಒದೆಯುವುದಿಲ್ಲ, ಪಕ್ಕಕ್ಕೆ ಸುತ್ತಿಸಿ ಒದೆಯುತ್ತದೆ. ಹಿಂದಕ್ಕೆ ಒದೆಯುವುದು ಕುದುರೆ. ಇಷ್ಟೂ ಗೊತ್ತಿಲ್ಲದವರು ಚಿತ್ರ ತೆಗೆಯುತ್ತಾರೆ! ಕಥೆ ಬರೆದವನು, "ಐವತ್ತು ಮೀಟರ್ ಹಸು ಇರತ್ತಾ ಮೊದ್ಲು?" ಎಂದ. ಅದು ಬೇರೆ ವಿಷಯ ಎಂದೆ.

ಖಾತ್ರಿ ಮಾಡಿಕೊಳ್ಳಲು ಹೋದ ತಿಂಗಳ ಕೊನೆಯ ಭಾನುವಾರವೇ ಹಾಲಿನ ಡೇರಿಗೆ ಹೋಗಿದ್ದೆ. ಹಸುಗಳ ಹಿಂದೆ ಮೂರು ಗಂಟೆ ಬಗ್ಗಿ ಕೂತು ನೋಡಿದೆ. ಡೇರಿಯವರು ಪೊಲೀಸರನ್ನು ಕರೆದರು. ಪೊಲೀಸರಿಗೆ "ನಟ" ಎಂದೆ. "ಯಾವ ಚಿತ್ರದಲ್ಲಿ ನೋಡಿದೀನಿ ನಿಮ್ಮನ್ನ?" ಎಂದು ಕೇಳಿದರು. ಅಲ್ಲಿ ಸಿಕ್ಕಿಹಾಕಿಕೊಂಡೆ. ಹತ್ಸುಯೆ ಬಂದು ಬಿಡಿಸಿಕೊಂಡು ಹೋದಳು.

ಡೇರಿಯ ವಿಷಯ ಅಪ್ಪನಿಗೂ ಬರೆದಿದ್ದೆ, ಪರಿಚಯದವನು ಹೋಗಿದ್ದನೆಂದು. ಅಪ್ಪ ಉತ್ತರವಾಗಿ ಬಾಲದ ಬಗ್ಗೆ ಐದು ಹಾಳೆ ಬರೆದಿದ್ದಾನೆ. ಕೆಲವು ಕಡೆ ನಾನು ಒಪ್ಪುವುದಿಲ್ಲ, ನಾಳೆ ಉತ್ತರ ಬರೆಯಬೇಕು.

ಜುಲೈ 3. ಉರಿಬಿಸಿಲು.

ತೊಗಲಿನೊಳಗೆ ಐವತ್ತು ಡಿಗ್ರಿ. ಕೊಗುರೆಯ ತೂಕ ಹದಿನಾರು ಕಿಲೊ ಇಳಿದಿದೆ, ಅವನ ತಾಯಿ ನನಗೆ ಧನ್ಯವಾದ ಹೇಳಿ ಒಣಮೀನು ಕಳಿಸಿದ್ದಾಳೆ.

ಸ್ಟೇಷನ್ ಮಾಸ್ಟರ್ ದೃಶ್ಯ ಜುಲೈ 19ಕ್ಕೆ ನಿಗದಿ. ಸಂಜೆ ಮಹಡಿಯ ಕಿಟಕಿ ತೆರೆದು ಅಭ್ಯಾಸ ಮಾಡಿದೆ. "ರೈಲು ನಿಲ್ಲಿಸಿ! ಬೆಕೋರಾ ಬರ್ತಿದೆ!" ಮೂರನೆಯ ಸಲ ಕೂಗುವ ಹೊತ್ತಿಗೆ ಎದುರುಮನೆಯವರು ಮಕ್ಕಳನ್ನೂ ಅಕ್ಕಿ ಬೇಯಿಸುವ ಪಾತ್ರೆಯನ್ನೂ ಎತ್ತಿಕೊಂಡು ಬೀದಿಗೆ ಬಂದಿದ್ದರು. ತೋಫು ಅಜ್ಜಿ, "ಭೂಕಂಪವಾ, ಬೆಂಕಿಯಾ, ಸರಿಯಾಗಿ ಹೇಳ್ರೀ!" ಎಂದು ಬೈದಳು. ನನ್ನ ಅಭಿನಯದ ಶಕ್ತಿ ಅಂಥದ್ದು.

ಜುಲೈ 18. ಸೆಕೆ.

ನಾಳೆಯ ವಿಷಯದಲ್ಲಿ ತೊಡಕು. ಐದನೆಯ ಶೆಡ್ಡನ್ನು ಬೇರೆ ಚಿತ್ರಕ್ಕೆ ಬಿಟ್ಟುಕೊಡಬೇಕು, ಹಾಗಾಗಿ ಸುಮಿದಾ ನದಿಯ ಸೇತುವೆ ದೃಶ್ಯವೂ ನಾಳೆಯೇ. ಸೈನ್ಯದವರು ಸೇತುವೆಗೆ ವಿದ್ಯುತ್ ತಂತಿ ಸುತ್ತಿ, ಕರುವಿನ ಕೂಗನ್ನು ಧ್ವನಿವರ್ಧಕದಲ್ಲಿ ಹಾಕಿ ಬೆಕೋರಾಳನ್ನು ಕರೆಯುತ್ತಾರೆ. ಅವಳು ಹೋಗುತ್ತಾಳೆ, ಸೇತುವೆ ಕುಸಿಯುತ್ತದೆ. ಸೇತುವೆ ಕಟ್ಟಲು ನಲವತ್ತು ದಿನ ಹಿಡಿದಿದೆ, ಮುರಿಯುವುದು ಒಂದೇ ಸಲ. ತಪ್ಪಿದರೆ ಚಿತ್ರವೇ ಇಲ್ಲ.

ಇಸಹಾಯಾ ಅವರು, "ಮಾತು ಮಾತೇ. ನೀವು ಸ್ಟೇಷನ್‌ಗೆ ಹೋಗಿ. ನಾಳೆ ಒಂದಿನ ಕಾಲು ನುಕಿನಾ ಮಾಡ್ತಾನೆ" ಎಂದರು. ನುಕಿನಾ! ಅವನ ಕಿವಿ ತೊಗಲಿನೊಳಗೆ ಹಿಡಿಸಲಿ ನೋಡೋಣ.

ಜುಲೈ 19. ಗುಡುಗು.

ಕೋಪ ಇನ್ನೂ ಇಳಿದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಸ್ಟೇಷನ್ ಮಾಸ್ಟರ್ ಟೋಪಿ ಹಾಕಿಕೊಂಡು, ಮುಖಕ್ಕೆ ಬಣ್ಣ ಹಚ್ಚಿಸಿಕೊಂಡು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಎಡಭಾಗ ಕಿಟಕಿಗೆ. ನುಕಿನಾಗೆ ಅಂಗೈ ಎಲ್ಲಿಡಬೇಕೆಂದು ಯಾರಾದರೂ ಹೇಳಿರುತ್ತಾರೋ ಇಲ್ಲವೋ ಎಂದು ಒಂದು ಯೋಚನೆ ಬಂತು. ಒಂದೇ ಮಾತು ಹೇಳಿ ಬರೋಣವೆಂದು ಇಳಿದು ಶೆಡ್ಡಿಗೆ ಹೋದೆ.

ತೊಗಲಿನ ಹಿಂಭಾಗ ಇನ್ನೂ ತೆರೆದೇ ಇತ್ತು. ಏನು ನೋಡಿದೆ! ನುಕಿನಾ ಕೊಗುರೆಯ ನಡುಪಟ್ಟಿ ಹಿಡಿದು ನೇತಾಡುತ್ತಿದ್ದಾನೆ. ಸುಮ್ಮನೆ ಹಿಂದಿನಿಂದ ತಳ್ಳುತ್ತಿದ್ದಾನೆ, ಕೈಗಾಡಿ ತಳ್ಳಿದ ಹಾಗೆ.

"ಏಯ್! ಅವ್ಳಿಗೆ ಹೋಗೋಕೆ ಇಷ್ಟ ಇಲ್ಲ!" ಎಂದೆ.

"ಯಾರಿಗೆ?" ಎಂದ ನುಕಿನಾ.

"ಬೆಕೋರಾಗೆ ಕಣಯ್ಯಾ! ಮೋಸ ಅಂತ ಅವ್ಳಿಗೆ ಗೊತ್ತು. ಮುಂಗಾಲು ಕರು ಕೂಗು ಕೇಳಿ ಹೋಗತ್ತೆ. ಹಿಂಗಾಲು ಬೇಡ ಅನ್ನತ್ತೆ. ಆಮೇಲೆ, ಬೇಡ ಅಂತ ಗೊತ್ತಿದ್ದೂ ಹೋಗತ್ತೆ. ಕರು ಅಲ್ವಾ ಕರೀತಿರೋದು!"

"ಅಷ್ಟೆಲ್ಲ ಕುಂಡೇಲಿ ತೋರಿಸ್ಬೇಕಾ?"

ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಕೊಗುರೆ ತೊಗಲಿನ ಕತ್ತಿನಿಂದ ತಲೆ ಹೊರಹಾಕಿ, "ಅಣ್ಣಾ" ಎಂದ, ಅಷ್ಟೇ. ನಾನು ಟೋಪಿ ತೆಗೆದು ನುಕಿನಾನ ತಲೆಗೆ ಅಮುಕಿದೆ. ಕಿವಿಯಿಂದಾಗಿ ಅದು ಪೂರ್ತಿ ಇಳಿಯಲೂ ಇಲ್ಲ. "ಓಡು, ಬಸ್ಸು ಹೊರಡತ್ತೆ" ಎಂದೆ. ಬಣ್ಣ ಹಚ್ಚಿದ ಮುಖ ಹಾಗೇ ಒಳಗೆ ತೂರಿಸಿಕೊಂಡು, ಹಣೆಯನ್ನು ಕೊಗುರೆಯ ಬೆನ್ನಿಗಿಟ್ಟೆ.

ಒಂದೇ ಸಲಕ್ಕೆ ಆಯಿತು. ಸೇತುವೆ ಮಧ್ಯದಲ್ಲಿ ನಿಂತೆವು. ಕೊಗುರೆ ಮುಂದೆ ಎಳೆದ, ನಾನು ಬಲಗಾಲು ಹಿಂದಕ್ಕಿಟ್ಟೆ. ಮತ್ತೆ ಎಳೆದ. ನಾನು ಒಂದು ಉಸಿರು ತಡೆದು, ಆಮೇಲೆ ಎಡಗಾಲು ಇಟ್ಟೆ. ಸೇತುವೆ ಕುಸಿಯಿತು. ಕ್ಯಾಮೆರಾ ನಿಂತಿತು. ಬಡಗಿಗಳ ಮುಖ್ಯಸ್ಥ ಬಂದು ನನ್ನ ಮುಂದೆ ತಲೆಬಾಗಿ, "ನಲವತ್ತು ದಿನ ಕಟ್ಟಿದ್ದು ಸಾರ್ಥಕ ಆಯ್ತು" ಎಂದ.

ಮನೆಗೆ ಬಂದು ಎಲ್ಲ ಹೇಳಿದೆ. ನುಕಿನಾ ಎಂಥ ದಡ್ಡ, ಅಂಗೈ ಎಲ್ಲಿಟ್ಟಿದ್ದ, ಎಲ್ಲ. ಹತ್ಸುಯೆ, "ಹಾಗಾದ್ರೆ ಸ್ಟೇಷನ್ ಮಾಸ್ಟರ್ ಯಾರಾದ್ರು?" ಎಂದು ಕೇಳಿದಳು.

ಆಗ ನೆನಪಾಯಿತು.

ಆಗಸ್ಟ್ 12. ಬಿಸಿಲು.

ಅಪ್ಪ ನಾಳೆ ಬೆಳಿಗ್ಗೆ ಉಯೆನೊ ಸ್ಟೇಷನ್ನಿಗೆ ಬರುತ್ತಾನೆ. ನನಗೆ ಜ್ವರ ಬಂದಿದೆ ಎಂದು ತಂತಿ ಕಳಿಸೋಣವೆಂದೆ. ಹತ್ಸುಯೆ ಹಣೆ ಮುಟ್ಟಿ ನೋಡಿ, "ಬಂದಿಲ್ಲ" ಎಂದಳು. ಕಾಲರಾ ಎಂದು ಕಳಿಸೋಣವೆಂದೆ. ಅವಳು ದೀಪ ಆರಿಸಿದಳು.

ಆಗಸ್ಟ್ 13. ಬಿಸಿಲು, ಸಂಜೆ ತಂಗಾಳಿ.

ಅಪ್ಪ ಬಹಳ ಸಣ್ಣಗಾಗಿದ್ದಾನೆ. ಎಪ್ಪತ್ತೊಂದು. ಸೊಂಟ ಬಗ್ಗಿದೆ, ನಲವತ್ತು ವರ್ಷ ಬಗ್ಗಿಸಿಟ್ಟಿದ್ದು ಹಾಗೇ ನಿಂತುಬಿಟ್ಟಿದೆ. ಹಿಂದಿನಿಂದ ನೋಡುತ್ತಾ ನಡೆದೆ. ಜನಜಂಗುಳಿಯಲ್ಲೂ ಅವನ ಹೆಜ್ಜೆ ಯಾರಿಗೂ ತಾಗುವುದಿಲ್ಲ.

ಅಸಾಕುಸಾದ ಚಿತ್ರಮಂದಿರ ಮಕ್ಕಳಿಂದ ತುಂಬಿತ್ತು. ದೀಪ ಆರುವ ಮುಂಚೆ ಧೈರ್ಯ ಮಾಡಿ, "ಅಪ್ಪಾ, ನನ್ನ ದೃಶ್ಯ ಎಲ್ಲಾ ಕತ್ತರಿಸಿಬಿಟ್ರು" ಎಂದೆ.

"ಹಾಗಾ," ಎಂ‍ದ. "ಪಾಪ."

ಹೆಸರುಗಳು ಬಂದವು. ಬೆಕೋರಾ ಎಂಬುದರ ಮುಂದೆ ಕೊಗುರೆಯದೊಂದೇ ಹೆಸರು. ನನಗೆ ಗೊತ್ತಿತ್ತು, ಆದರೂ ಪಕ್ಕದಲ್ಲಿ ಮತ್ತೊಮ್ಮೆ ಹುಡುಕಿದೆ. ವಿಜ್ಞಾನಿಯೂ ಅವನ ಮಗಳೂ ಮಾತಾಡುವಾಗ ಅಪ್ಪ ಆರಾಮಾಗಿ ಗೊರಕೆ ಹೊಡೆದ. ನುಕಿನಾನ ಮುಖ ಪರದೆ ತುಂಬ ಬಂದು "ರೈಲು ನಿಲ್ಲಿಸಿ!" ಎಂದು ಅರಚಿತು. ಎರಡೂ ಕಿವಿ ಪರದೆಯಲ್ಲಿ ಹಿಡಿಸಿರಲಿಲ್ಲ. ಅದಕ್ಕೂ ಅಪ್ಪ ಏಳಲಿಲ್ಲ. ಆದರೆ ಬೆಕೋರಾ ಸಮುದ್ರದಿಂದ ಮೊದಲ ಹೆಜ್ಜೆ ಇಟ್ಟಳು ನೋಡಿ, ಕಣ್ಣು ತೆರೆದ. ಆಮೇಲೆ ಮುಚ್ಚಲಿಲ್ಲ.

ಸೇತುವೆ ಬಂತು. ಕರು ಕೂಗಿತು. ಬೆಕೋರಾಳ ಮುಂಗಾಲು ಹೋಯಿತು, ಹಿಂಗಾಲು ನಿಂತಿತು. ಹಿಂದಿನ ಸಾಲಿನಲ್ಲಿ ಒಂದು ಪುಟ್ಟ ಹುಡುಗಿ ಎದ್ದು ನಿಂತು, "ಹೋಗ್ಬೇಡಾ ಬೆಕೋರಾ!" ಎಂದು ಅಳಲು ಶುರು ಮಾಡಿದಳು. ನಾನು ಅಪ್ಪನ ಕಡೆ ನೋಡಿದೆ. ಕತ್ತಲಲ್ಲಿ ಅವನ ಎರಡು ಮಂಡಿಗಳು ಅಲುಗಾಡುತ್ತಿದ್ದವು. ಬಲ, ಎಡ. ಬಲ ಹಿಂದಕ್ಕೆ. ಒಂದು ಉಸಿರು ತಡೆದು, ಮತ್ತೆ ಎಡ.

ಕೊನೆಗೆ ಬೆಕೋರಾ ನದಿಯಿಂದ ಎದ್ದು ಬಂದು, ಕರುವನ್ನು ಕಂಡುಕೊಂಡು, ಇಬ್ಬರೂ ಹೊಕ್ಕೈಡೊ ಕಡೆ ಈಜಿ ಹೋದರು. ನಾವು ಹೊರಗೆ ಬಂದು ಸೋಬಾ ನೂಡಲ್ಸ್ ಅಂಗಡಿಯಲ್ಲಿ ಕೂತೆವು. ಅಪ್ಪ ಸಾರು ಪೂರ್ತಿ ಕುಡಿದ.

"ನಿನ್ನ ಪರಿಚಯದವ್ನು ಇದಾನಲ್ಲ, ಹಿಂಗಾಲು."

"ಹೂಂ."

"ಆ ಎತ್ತರದ ಗೋಪುರದ ಹತ್ರ ಎಡಗಾಲು ಒಂಚೂರು ಬೇಗ ಬಿತ್ತು. ಹೇಳು ಅವ್ನಿಗೆ."

"ಹೇಳ್ತೀನಿ." ಅದು ನಿಜ. ಅವತ್ತು ನನಗೆ ಸೀನು ಬಂದಿತ್ತು.

"ಸೇತುವೆ ಮೇಲಿಂದು..." ಅಪ್ಪ ಬಟ್ಟಲು ಕೆಳಗಿಟ್ಟ. "ಅದು ನನ್ ಕೈಲಿ ಆಗ್ತಿರ್ಲಿಲ್ಲ."

ಆಮೇಲೆ ಅಂಗಿಯೊಳಗಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲೆ ನನ್ನ ಕಡೆ ಸರಿಸಿದ. ಊರಿನಿಂದಲೇ ತಂದದ್ದು, ಮೂಲೆ ಮುದುಡಿತ್ತು. ಮೇಲೆ ಕುಂಚದಲ್ಲಿ, ನಡುಗುವ ಕೈಬರಹದಲ್ಲಿ "ಹುಲ್ಲಿಗೆ" ಎಂದಿತ್ತು.

"ಸಿನಿಮಾದಲ್ಲಿ ಈ ಪದ್ಧತಿ ಇಲ್ವಂತೆ. ಬೆನ್ನ ಮೇಲೆ ಯಾರೂ ಕೂರಲ್ಲ ಅಲ್ವಾ. ನಿನ್ನ ಪರಿಚಯದವ್ನಿಗೆ ಕೊಡು."

"ಕೊಡ್ತೀನಪ್ಪಾ."

ಮನೆಗೆ ಬಂದ ಮೇಲೆ ಕೊಟ್ಟೆ. ನನ್ನ ಪರಿಚಯದವನು ಅದನ್ನು ತೆಗೆದುಕೊಂಡು ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ಗಟ್ಟಿಯಾಗಿ ಅತ್ತ. ಹತ್ಸುಯೆ ಹೊರಗಿನಿಂದ, "ನಿಮ್ಮ ಪರಿಚಯದವ್ರಿಗೆ ಟವೆಲ್ ಬೇಕಾ?" ಎಂದು ಕೇಳಿದಳು. ಆಮೇಲೆ ಅವನು ಮುಖ ತೊಳೆದುಕೊಂಡು ಬೀದಿ ಕೊನೆಯ ಅಂಗಡಿಗೆ ಹೋಗಿ, ಆ ದುಡ್ಡಲ್ಲಿ ಹೂರಣ ತುಂಬಿದ ಸಿಹಿ ತಂದ. ಅಪ್ಪ ಒಂದು ತಿಂದ. ನನ್ನ ಪರಿಚಯದವನು ಆರು ತಿಂದ.